ಹಣಮಮ್ಮ ಹೂತ ಪೈಪು

ನನ್ನ ನೆಗೆಣ್ಣಿ, ಮೈದುನನ ಹೆಂಡತಿ ಹಣಮಮ್ಮ ಏನು ಮಾಡಿದ್ದಾಳೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಏನು ಮಾಡಿಲ್ಲ ಎಂದು ಕೇಳಿ, ಮಾತು ಬೇಗ ಮುಗಿಯುತ್ತದೆ. ಹುಣಸಗಿ ಬಸ್‌ಸ್ಟ್ಯಾಂಡಿನ ಎದುರು ಝೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿಗಳ ಅಂಗಡಿ ಇಟ್ಟವಳು ಅವಳು. ಆ ಸಾಲಿನಲ್ಲಿ ಹೆಂಗಸಿನ ಅಂಗಡಿ ಅದೊಂದೇ. ಮೊದಮೊದಲು ಗಿರಾಕಿಗಳು ಇಣುಕಿ, ‘ಸಾಹುಕಾರ್ರು ಎಲ್ಲಿ ಹೋಗ್ಯಾರವ್ವಾ?’ ಎನ್ನುತ್ತಿದ್ದರು. ‘ಇಲ್ಲೇ ಕುಂತೀನಲ್ಲ, ಹೇಳ್ರಿ’ ಎನ್ನುತ್ತಿದ್ದಳು.

ಅವಳ ತಂದೆ ಅಂಬ್ರಪ್ಪ ಕಾಲುವೆಯ ತೂಬು ಕಾಯುತ್ತಿದ್ದವರು. ಪಾಳಿ ಬಂದವರಿಗೆ ತೂಬು ಎತ್ತಬೇಕು, ಪಾಳಿ ಮುಗಿದ ಕೂಡಲೇ ಇಳಿಸಬೇಕು. ಕಾಲುವೆ ಬಂದ ಮೇಲೆ ನಮ್ಮ ಸೀಮೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾದವು. ಆದರೆ ಪಾಳಿ ಮುಗಿದ ಮೇಲೂ ತೂಬು ತೆರೆದಿಟ್ಟವನನ್ನು ಇಲ್ಲಿ ಯಾರೂ ಕ್ಷಮಿಸುವುದಿಲ್ಲ. ಹಣಮಮ್ಮ ನಮ್ಮ ಮನೆಗೆ ಸೊಸೆಯಾಗಿ ಬಂದ ದಿನವೇ ಬಚ್ಚಲಿನ ನಳ ಬಿಗಿ ಮಾಡಿದವಳು. ಈ ಅಭ್ಯಾಸವೇ ಮುಂದೆ ನನಗೆ ಮುಳುವಾಯಿತು, ಅದನ್ನೂ ಹೇಳುತ್ತೇನೆ.

ನಮ್ಮ ಓಣಿಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಓಣಿಯ ಹಿರಿಯರಾದ ಬಸವಂತ್ರಾಯ ಕಾಕಾ ತಮ್ಮ ಮನೆಗೆ ಇಂಟರ್‌ನೆಟ್ ಕೇಬಲ್ ಎಳೆಸಿ, ವೈಫೈ ಪಾಸ್‌ವರ್ಡನ್ನು ಎಲ್ಲರಿಗೂ ಪುಕ್ಕಟೆ ಕೊಟ್ಟರು. ದೊಡ್ಡ ಮನಸ್ಸು, ಇಲ್ಲವೆನ್ನುವುದಿಲ್ಲ. ಆದರೆ ಯಾರ ಫೋನು ಯಾವ ವೆಬ್‌ಸೈಟಿಗೆ ಹೋಯಿತು ಎಂಬುದು ವೈಫೈಯವರು ಕೊಟ್ಟ ಆ್ಯಪಿನಿಂದ ಕಾಕಾನ ಫೋನಿನಲ್ಲಿ ಕಾಣುತ್ತಿತ್ತು. ಮುಂಜಾನೆ ಕಟ್ಟೆಯ ಮೇಲೆ ಕುಳಿತು ಅದನ್ನೇ ಪೇಪರ್ ಓದಿದಂತೆ ಓದುತ್ತಿದ್ದರು. ಯಾರ ಮನೆಯಲ್ಲಿ ಟ್ರ್ಯಾಕ್ಟರ್ ನೋಡುತ್ತಿದ್ದಾರೆ, ಯಾರು ವರ ಹುಡುಕುತ್ತಿದ್ದಾರೆ, ಎಲ್ಲವೂ ಕಟ್ಟೆಗೆ ಗೊತ್ತು.

ಆ ವರ್ಷ ನನಗೆ ಮುಟ್ಟಿನ ರಕ್ತ ನಿಲ್ಲದಾಯಿತು. ಒಂದು ಖಾಸಗಿ ದವಾಖಾನೆಯವರು ಗರ್ಭಚೀಲ ತೆಗೆಸಿಬಿಡಿ, ಸೋಮವಾರವೇ ಬನ್ನಿ ಎಂದರು. ಚೀಲ ತೆಗೆಸಿಕೊಂಡು ವರ್ಷಗಟ್ಟಲೆ ನಡು ಹಿಡಿದುಕೊಂಡು ಓಡಾಡುವ ಹೆಂಗಸರನ್ನು ನಾನು ನಮ್ಮ ಊರಲ್ಲೇ ಕಂಡಿದ್ದೆ. ಬೇರೆ ದಾರಿ ಇದೆಯೇ ಎಂದು ತಿಳಿಯಬೇಕಿತ್ತು. ಗರ್ಭಚೀಲದ ಕಾಯಿಲೆಗಳಿಗೆಂದೇ ಇರುವ ವೆಬ್‌ಸೈಟೊಂದು ಫೋನಿನಲ್ಲಿ ಸಿಕ್ಕಿತು. ಅರ್ಧ ಓದಿದ್ದೆ. ಮರುದಿನ ಕಟ್ಟೆ ದಾಟುವಾಗ ಕಾಕಾ ಕೂಗಿ ಕೇಳಿದರು.

‘ದೇವಕಮ್ಮಾ, ಗರ್ಭಚೀಲದ್ದು ಏನು ಓದಾಕತ್ತಿ? ಆರಾಮ ಇಲ್ಲೇನು?’

ಕಾಳಜಿಯಿಂದಲೇ ಕೇಳಿರಬಹುದು. ಅಷ್ಟು ಗಂಡಸರ ಎದುರು ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮನೆಗೆ ಬಂದು, ಓದುವುದೂ ಬೇಡ ಏನೂ ಬೇಡ, ಸೋಮವಾರ ಹೋಗಿ ತೆಗೆಸಿಕೊಂಡೇ ಬರುತ್ತೇನೆ ಎಂದು ಅಳುತ್ತ ಕುಳಿತೆ.

‘ಚೀಲ ನಿಂದು ಅಕ್ಕಾ, ತಗಸೂದು ಬಿಡೂದು ತಿಳಕೊಂಡು ನೀನೇ ಹೇಳಬೇಕು’ ಎಂದಳು ಹಣಮಮ್ಮ. ‘ಕಟ್ಟಿ ಮ್ಯಾಲಿನವರಿಗೆ ಅಂಜಿ ಕತ್ತರಿಗೆ ಮೈ ಕೊಡ್ತೀಯೇನು?’

ಅವಳ ಅಂಗಡಿಯ ಮೂಲೆಯಲ್ಲಿ ಯಾರಿಗೂ ಬೇಡವಾದ ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲಿ ತನ್ನದೇ ಒಂದು ಪ್ರಾಕ್ಸಿ, ಅಂದರೆ ನಮ್ಮ ಪರವಾಗಿ ವೆಬ್‌ಸೈಟಿಗೆ ಹೋಗಿ ಬರುವ ನಡುವಿನ ವ್ಯವಸ್ಥೆ, ಕೂರಿಸುತ್ತೇನೆ ಎಂದಳು. ಗಿರಾಕಿಗಳ ನಡುವೆ ಬಿಡುವಾದಾಗಲೆಲ್ಲ ವಿಡಿಯೋ ನೋಡಿ ಕಲಿತಳು, ಕೆಡಿಸಿದಳು, ಮತ್ತೆ ಕೂರಿಸಿದಳು. ಅಂಗಡಿಯ ಇಂಟರ್‌ನೆಟ್ ಲೈನಿಗೆ ಬದಲಾಗದ ವಿಳಾಸದ ನಂಬರು ಬೇಕೆಂದು ಕೇಬಲ್‌ನವನ ಬೆನ್ನು ಹತ್ತಿದಳು. ‘ನಿಮಗ ಯಾಕ ಬೇಕ್ರಿ ಅದು?’ ಎಂದನಂತೆ. ‘ಬೇಕಾಗ್ಯಾದ, ಕೊಡ್ರಿ’ ಎಂದಳಂತೆ. ಕೊಟ್ಟ.

ಶುಕ್ರವಾರ ನನ್ನ ಫೋನಿಗೆ ಒಂದು ಆ್ಯಪ್ ಹಾಕಿ, ತನ್ನ ಕಂಪ್ಯೂಟರಿನ ಗುಪ್ತಪದ ತುಂಬಿದಳು. ಗುಂಡಿ ಒತ್ತಿದರೆ ಪರದೆಯ ಮೇಲ್ತುದಿಯಲ್ಲಿ ಸಣ್ಣ ಕೀಲಿಕೈ ಮೂಡಿತು.

‘ಕಾಲುವಿಯಿಂದ ದೂರ ಇದ್ದವರು ಇನ್ನೊಬ್ಬರ ಹೊಲದಾಗ ಪೈಪ್ ಹೂತು ನೀರು ಒಯ್ಯಂಗಿಲ್ಲೇನು? ಇದೂ ಹಂಗೇ. ನೀ ಓದೂದು ಕಾಕಾನ ವೈಫೈದಾಗ ಹಾದು ನನ್ನ ಅಂಗಡಿಗೆ ಬರ್ತದ, ಅಲ್ಲಿಂದ ಮುಂದ ಹೋಗ್ತದ. ಕಾಕಾನಿಗೆ ಪೈಪ್ ಅದ ಅಂತ ಗೊತ್ತಾಗಬಹುದು, ಒಳಗೇನು ಹರೀತದ ಅಂತ ಕಾಣಂಗಿಲ್ಲ’ ಎಂದಳು. ‘ಓದೂದು ಮುಗೀತಂದ್ರ ಮುಚ್ಚಿಬಿಡು, ಸುಮ್ಮನ ಪೋಲಾಗಬಾರದು.’

ನಾನು ಓದಿದೆ. ಓದಿ, ಅವಳು ಹೇಳಿದಂತೆ ಮುಚ್ಚಿದೆ. ಶನಿವಾರ ಕಟ್ಟೆಯಿಂದ ಮತ್ತೆ ಅದೇ ಪ್ರಶ್ನೆ ಬಂತು. ‘ಇನ್ನೂ ಓದೂದು ಮುಗಿದಿಲ್ಲೇನವ್ವಾ?’

ಮನೆಗೆ ಬಂದು ಫೋನನ್ನು ಹಾಸಿಗೆಯ ಮೇಲೆ ಎಸೆದೆ. ‘ನಿನ್ನ ಪೈಪ್ ಸುಡ್ಲಿ!’ ಎಂದು ಕಿರುಚಿದೆ. ಹಣಮಮ್ಮ ಫೋನು ಎತ್ತಿಕೊಂಡು ಬಹಳ ಹೊತ್ತು ಪರದೆ ಉಜ್ಜಿ ತಡಕಾಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು. ನಾನು ಪ್ರಾಕ್ಸಿ ಮುಚ್ಚಿದ್ದೆ, ಓದಿದ ಪುಟ ತೆರೆದೇ ಇತ್ತು. ಆಮೇಲೆ ಫೋನು ತೆಗೆದಾಗ ಆ ಪುಟ ತಾನೇ ಮತ್ತೆ ಬಂದಿತ್ತು, ಈ ಸಲ ಬಟಾಬಯಲು ವೈಫೈಯಲ್ಲಿ.

‘ನೀರಲ್ಲ ಇದು, ಪೋಲಾಗಾಕ! ತೂಬಿನವನ ಮಗಳು ನಾನು, ಮುಚ್ಚು ಅಂತ ಬಾಯಿಗೆ ಬಂದೇಬಿಡ್ತು. ಇದು ಯಾವಾಗ್ಲೂ ತೆರದೇ ಇರಬೇಕು ಅಕ್ಕಾ.’

ಪ್ರಾಕ್ಸಿ ಸದಾ ಚಾಲೂ ಇರುವಂತೆ, ಅದು ಕಡಿದುಹೋದರೆ ಇಂಟರ್‌ನೆಟ್ಟೇ ನಿಲ್ಲುವಂತೆ ಫೋನಿನಲ್ಲಿ ಹೊಂದಿಸಿದಳು. ಬೇಕೆಂದೇ ನನ್ನ ಕೈಯಿಂದ ಮತ್ತೆ ಅದೇ ಪುಟ ತೆರೆಸಿದಳು. ಮರುದಿನ ಹೆಜ್ಜೆ ನಿಧಾನ ಮಾಡಿ ಕಟ್ಟೆ ದಾಟಿದೆ. ಕಾಕಾ ಫೋನು ನೋಡಿದರು, ನನ್ನನ್ನು ನೋಡಿದರು, ಮಳೆಯ ಮಾತು ತೆಗೆದರು.

ಅಂದು ಇಡೀ ದಿನ ಓದಿದೆ. ಮೊದಲು ಸ್ಕ್ಯಾನ್ ಮಾಡಿಸಬೇಕು, ಗುಳಿಗೆಯಿಂದ ಆಗುತ್ತದೆಯೇ ಎಂದು ಕೇಳಬೇಕು, ಇನ್ನೊಬ್ಬ ಡಾಕ್ಟರಿಗೂ ತೋರಿಸಬೇಕು ಎಂದು ಬರೆದಿತ್ತು. ಸೋಮವಾರ ಇಬ್ಬರೂ ಆ ದವಾಖಾನೆಗೆ ಹೋಗಲಿಲ್ಲ, ಕಲಬುರಗಿಯ ಬಸ್ಸು ಹತ್ತಿದೆವು. ಅಲ್ಲಿನ ಡಾಕ್ಟರಮ್ಮ ಸ್ಕ್ಯಾನ್ ನೋಡಿ, ‘ಸಣ್ಣ ಗಂಟು. ತೆಗೆಯೋದು ಬೇಕಾಗಿಲ್ಲ’ ಎಂದು ಗುಳಿಗೆ ಬರೆದರು. ಸುಗ್ಗಿಯ ಹೊತ್ತಿಗೆ ನಾನು ಗದ್ದೆಗಿಳಿದು ಎಲ್ಲರ ಸಮ ಕೊಯ್ದೆ. ನನ್ನ ಮೈ ನನ್ನ ಬಳಿ ಇಡಿಯಾಗಿ ಉಳಿದಿದ್ದರೆ ಅದಕ್ಕೆ ನನ್ನ ನೆಗೆಣ್ಣಿ ಕಾರಣ. ಇದನ್ನು ನಾನು ಯಾರೆದುರು ಬೇಕಾದರೂ ಕೂಗಿ ಹೇಳುತ್ತೇನೆ.

ಒಬ್ಬೊಬ್ಬರಾಗಿ ಓಣಿಯ ಹೆಂಗಸರೆಲ್ಲ ಫೋನು ಹಿಡಿದುಕೊಂಡು ಬಂದರು. ಕೊನೆಗೆ ಕಾಕಾ ಹಣಮಮ್ಮನನ್ನು ಕಟ್ಟೆಯ ಬಳಿ ನಿಲ್ಲಿಸಿದರು.

‘ಓಣ್ಯಾಗಿನ ಹೆಣ್ಮಕ್ಕಳೆಲ್ಲ ಒಂದೇ ನಂಬರಿಗೆ ಹೋಗಾಕತ್ತಾರ, ಏನವ್ವಾ ಅದು?’

‘ನನ್ನ ಅಂಗಡಿ ರೀ ಕಾಕಾ.’

‘ಅಲ್ಲೇನು ನೋಡ್ತಾರ?’

‘ನನಗೂ ಗೊತ್ತಿಲ್ರಿ. ಕಂಪ್ಯೂಟರಿನಾಗ ಏನೂ ಉಳೀದಂಗ ಮಾಡೀನಿ.’

ಕಟ್ಟೆಯವರು ನಕ್ಕರು. ಕಾಕಾ ನಗಲಿಲ್ಲ. ಸಂಜೆ ನಮ್ಮ ಮನೆಗೆ ಬಂದು, ಚಪ್ಪಲಿ ಬಿಟ್ಟು, ಬಾಗಿಲ ಬಳಿಯೇ ಕುಳಿತರು. ಆ ಕಡೆ ಈ ಕಡೆ ನೋಡಿ ಫೋನು ಮುಂದೆ ಚಾಚಿದರು.

‘ನನಗೂ ಒಂದಿಷ್ಟು ಆರಾಮಿಲ್ಲವ್ವಾ. ಮನ್ಯಾಗ ಮಕ್ಕಳ ಫೋನಿನಾಗೂ ನಾ ನೋಡಿದ್ದೆಲ್ಲಾ ಕಾಣ್ತದ, ಹೆದರ್ತಾರ. ಇದಕ್ಕೂ ಹಾಕಿ ಕೊಡು.’

ಹಣಮಮ್ಮ ಏನೆಂದು ಕೇಳದೆ ಹಾಕತೊಡಗಿದಳು. ‘ಏನು ಆರಾಮಿಲ್ಲ ಕಾಕಾ?’ ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಫೋನಿನಿಂದ ತಲೆಯೆತ್ತಿ ನನ್ನತ್ತ ಒಮ್ಮೆ ನೋಡಿದಳು. ನಾನು ಚಹಾ ಮಾಡಲು ಒಳಗೆ ಹೋದೆ.