ಉಪ್ಪಿಟ್ಟು ಎಂಬ ಬೀಗದ ಕೈ

ದೆಹಲಿಗೆ ಬಂದು ನೆಲೆಸಿದ ಕನ್ನಡಿಗನಿಗೆ ಸಿಗುವ ದೊಡ್ಡ ಸುಖ ಯಾವುದು ಗೊತ್ತೇ? ಚಳಿಗಾಲದ ಬಿಸಿಲಲ್ಲ, ಗಜ್ಜರಿ ಹಲ್ವವೂ ಅಲ್ಲ. ತರಕಾರಿಯವನ ಎದುರಿಗೇ ನಿಂತು ಅವನ ಬದನೆಕಾಯಿಯನ್ನು ಬಾಯಿತುಂಬ ಬೈಯಬಹುದಾದ ಸುಖ. "ಎಲ್ಲಾ ಹುಳುಕು ಕಣೇ, ಮೂತಿ ಸೊಟ್ಟ ಮಾಡು, ಹೊರಟೇಹೋಗೋ ಥರ ನಟಿಸು" ಎಂದು ನಾನು ಹೆಂಡತಿಗೆ ಗಟ್ಟಿಯಾಗಿಯೇ ಹೇಳುತ್ತೇನೆ. ಭಯ್ಯಾ ನಮ್ಮಿಬ್ಬರನ್ನೂ ನೋಡಿ ಪ್ರೀತಿಯಿಂದ ನಗುತ್ತಾನೆ. ಮಯೂರ್ ವಿಹಾರದ ನಮ್ಮ ಸೊಸೈಟಿಯ ಲಿಫ್ಟಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂಡ ನಾವು ಹೀಗೆಯೇ. ಚಿಕ್ಕಂದಿನಲ್ಲಿ ಅಕ್ಷರಕ್ಕೊಂದು 'ಕ' ಸೇರಿಸಿ ಗುಟ್ಟು ಮಾತಾಡುತ್ತಿದ್ದೆವಲ್ಲ, ಇಲ್ಲಿ ಆ ಕಷ್ಟವೂ ಇಲ್ಲ. ಊರಿನಲ್ಲಿ ಮಾತೃಭಾಷೆಯಾಗಿದ್ದ ಕನ್ನಡ ಯಮುನೆಯ ದಡದಲ್ಲಿ ತಾನಾಗಿಯೇ ಗುಪ್ತಭಾಷೆಯಾಗಿಬಿಟ್ಟಿದೆ.

ಹೀಗಿರುವಾಗ ಕಂಪ್ಯೂಟರಿಗೆ ಪಾಸ್‌ವರ್ಡ್ ಇಡಬೇಕೆಂದಾಗ ನಾನು ಯಾಕೆ ತಲೆ ಕೆಡಿಸಿಕೊಳ್ಳಲಿ? ಓಖ್ಲಾದ ಒಂದು ಗಲ್ಲಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣದ ಕಾರ್ಖಾನೆ. ಹೊಸ ಅಂಗಿಗೆ ದಾರದಲ್ಲಿ ಒಂದು ರಟ್ಟಿನ ಚೀಟಿ ತೂಗುತ್ತಿರುತ್ತದಲ್ಲ, ಮನೆಗೆ ತಂದ ಕೂಡಲೇ ನೀವು ಕಿತ್ತು ಬಿಸಾಡುತ್ತೀರಲ್ಲ, ಆ ಟ್ಯಾಗೇ ನಮ್ಮ ಅನ್ನ. ನಾನು ಯಂತ್ರಗಳನ್ನು ನೋಡಿಕೊಳ್ಳುತ್ತೇನೆ. ಹೆಂಡತಿ ವಸುಧಾ ಲೆಕ್ಕಪತ್ರವನ್ನೂ ನನ್ನನ್ನೂ ನೋಡಿಕೊಳ್ಳುತ್ತಾಳೆ. ಮಯೂರ್ ವಿಹಾರದಲ್ಲಿ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲದಲ್ಲಿ ನಮ್ಮಲ್ಲಿ ಮೂರು ಕಂಪ್ಯೂಟರುಗಳಿದ್ದವು. ಡಿಸೈನಿನದಕ್ಕೆ 'ಉಪ್ಪಿಟ್ಟು', ಬಿಲ್ಲಿನದಕ್ಕೆ 'ಚಿತ್ರಾನ್ನ', ನನ್ನದಕ್ಕೆ 'ಬಿಸಿಬೇಳೆಬಾತ್'. ಆಹಾ, ಎಂಥ ಭದ್ರಕೋಟೆ! ಪಾಸ್‌ವರ್ಡನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಬೇಕಲ್ಲ, ಬಾತಿನ ಕೊನೆಗೆ ಎಚ್ ಇದೆಯೋ ಇಲ್ಲವೋ ಎಂಬುದು ಮಾತ್ರ ನನಗೆ ಒಂದು ದಿನವೂ ನೆನಪಿರುತ್ತಿರಲಿಲ್ಲ. ಹಾಗಾಗಿ ನನ್ನ ಕಂಪ್ಯೂಟರ್ ನನ್ನಿಂದಲಂತೂ ಸುರಕ್ಷಿತವಾಗಿತ್ತು.

"ರೀ, ಎಲ್ಲರಿಗೂ ಗೊತ್ತಿರೋದು ಗುಟ್ಟು ಹೇಗಾಗುತ್ತೆ?" ಎಂದು ವಸುಧಾ ಆಗಾಗ ಗೊಣಗುತ್ತಿದ್ದಳು. ಡಿಸೈನ್ ಮಾಡುವವರು ದಿನಾ ಅದನ್ನೇ ಹೊಡೆಯಬೇಕಲ್ಲ, ಅವರಿಗೆ ಗೊತ್ತಿದ್ದರೆ ತಪ್ಪೇನು ಎಂದು ನಾನು ವಾದಿಸುತ್ತಿದ್ದೆ. ಆ ಪದದ ಅರ್ಥ ಅವರಿಗೆ ಗೊತ್ತಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನ. ಕೀಲಿಕೈ ಕೊಟ್ಟು, ಅದು ಯಾವ ಲೋಹದ್ದು ಎಂದು ಮಾತ್ರ ಹೇಳದ ಜಾಣತನ ನನ್ನದು.

ಆ ವರ್ಷ ನಮ್ಮ ದೊಡ್ಡ ಗಿರಾಕಿಯಿಂದ ಫೋನು ಬಂತು. ನಮ್ಮ ಕೆಲಸದಲ್ಲಿ ಅರ್ಧಕ್ಕರ್ಧ ಅವರದೇ, ಬಟ್ಟೆ ರಫ್ತು ಮಾಡುವವರು. ಮುಂದಿನ ಋತುವಿನ ಟ್ಯಾಗುಗಳ ವಿನ್ಯಾಸ ಮೊದಲೇ ಹೊರಬಿದ್ದರೆ ವಿದೇಶದ ಖರೀದಿದಾರರು ಕೆಂಡವಾಗುತ್ತಾರೆ. ಆದ್ದರಿಂದ ತಮ್ಮ ಕಡೆಯ ಒಬ್ಬರು ಬಂದು ನಮ್ಮ ಕಂಪ್ಯೂಟರುಗಳ ಭದ್ರತೆಯನ್ನು ಪರೀಕ್ಷಿಸುತ್ತಾರೆ, ಸರಿಯಿದ್ದರೆ ವರ್ಷದ ಪೂರ್ತಿ ಕೆಲಸ ನಿಮಗೇ, ಇಲ್ಲದಿದ್ದರೆ ನಿಮ್ಮ ಪಕ್ಕದ ಗಲ್ಲಿಯ ಮುದ್ರಕರಿಗೆ ಎಂದರು. ವಸುಧಾಳ ಮುಖ ಸಪ್ಪಗಾಯಿತು. ಅರ್ಧ ಕೆಲಸ ಹೋದರೆ ಅರ್ಧ ಜನರನ್ನು ಮನೆಗೆ ಕಳಿಸಬೇಕು, ಅವರಿಗೆ ಆ ಮಾತು ಹೇಳಬೇಕಾದವಳು ಅವಳೇ. ನಾನು ಮಾತ್ರ "ಬರಲಿ ಬಿಡೇ, ನೋಡೋಣ" ಎಂದು ಮೀಸೆ ತಿರುವಿದೆ.

ಬಂದವನು ಗೌರವ್ ಎಂಬ ಹುಡುಗ. ದೆಹಲಿಯಲ್ಲೇ ಹುಟ್ಟಿ ಬೆಳೆದ ಪಂಜಾಬಿ, ತುಟಿಯ ಮೇಲಿನ ಹಾಲು ಇನ್ನೂ ಆರಿರಲಿಲ್ಲ. ಹಿಂದಿಯಲ್ಲಿ ಬಹಳ ವಿನಯದಿಂದ ಮಾತಾಡಿದ. ಕುಳಿತವನೇ ಪರದೆಯ ಮೂಲೆಯಲ್ಲಿದ್ದ ವೈರಸ್ ನಿರೋಧಕದ ಗುರುತನ್ನು ತೋರಿಸಿ, ಇದು ಎಷ್ಟು ದಿನದಿಂದ ಕೆಂಪಾಗಿದೆ ಅಂಕಲ್‌ಜೀ ಎಂದು ಕೇಳಿದ. ಕೆಂಪಾಗಿದ್ದರೆ ಅದು ವೈರಸ್‌ಗಳ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕಾವಲು ಕೂತಿದೆ ಎಂದು ನಾನು ತಿಳಿದಿದ್ದೆ. ಅದರ ಅವಧಿ ಮುಗಿದು ಅದು ಸತ್ತಿದೆ ಎಂದು ಗೊತ್ತಾದದ್ದು ಆಗಲೇ. ಪಾಸ್‌ವರ್ಡ್ ಹೇಗಿಟ್ಟಿದ್ದೀರಿ ಎಂದಾಗ ಮಾತ್ರ ನನ್ನ ಎದೆ ಉಬ್ಬಿತು. ಅವು ನಮ್ಮ ಭಾಷೆಯಲ್ಲಿವೆ, ದೆಹಲಿಯಲ್ಲಿ ಅವನ್ನು ಒಡೆಯುವ ಗಂಡಸು ಇನ್ನೂ ಹುಟ್ಟಿಲ್ಲ ಎಂದು ಹಿಂದಿಯಲ್ಲೇ ಘೋಷಿಸಿದೆ. ಅವನು ತಲೆಯಾಡಿಸಿದ. ಬಿಲ್ಲಿನ ಕಂಪ್ಯೂಟರ್ ತೆರೆದು ತೋರಿಸಿ ಎಂದ.

ನನಗೆ ಅದು ಚಿತ್ರಾನ್ನವೋ ಉಪ್ಪಿಟ್ಟೋ ಥಟ್ಟನೆ ಹೊಳೆಯಲಿಲ್ಲ. ಭಾಷೆ ಬದಲಾಯಿಸಿ ಕೋಣೆಯ ಆ ತುದಿಗೆ ಕೂಗಿದೆ. "ವಸುಧಾ, ಬಿಲ್ಲಿಂದು ಉಪ್ಪಿಟ್ಟು ತಾನೇ?"

"ಅಯ್ಯೋ ರೀ, ಕೂಗಬೇಡಿ! ಬಿಲ್ಲಿಂದು ಚಿತ್ರಾನ್ನ, ಉಪ್ಪಿಟ್ಟು ಡಿಸೈನಿಂದು."

"ಕೂಗಿದ್ರೆ ಏನೀಗ? ಇವನಿಗೇನು ತಿಳಿಯುತ್ತೆ ಮಣ್ಣು! ಮೀಸೆ ಮೂಡದ ಕೂಸು ನಮ್ಮನ್ನ ಪರೀಕ್ಷೆ ಮಾಡೋಕೆ ಬಂದಿದೆ. ಎರಡು ಸಮೋಸಾ ತಿನ್ನಿಸಿ ಸಾಗಹಾಕೋಣ."

ಕೂಸು ಸಮೋಸಾ ತಿಂದಿತು, ಚಹಾ ಕುಡಿಯಿತು. ಕೈ ಒರೆಸಿಕೊಂಡು ನನ್ನ ಕಡೆ ತಿರುಗಿ ಅಚ್ಚಗನ್ನಡದಲ್ಲಿ ಹೇಳಿತು:

"ಸರ್, ತಪ್ಪು ತಿಳ್ಕಬ್ಯಾಡ್ರಿ. ಆ ಉಪ್ಪಿಟ್ಟು ಮಾತ್ರ ಬ್ಯಾಡ್ರಿ ಸರ್. ನಾನು ಇಂಜಿನಿಯರಿಂಗ್ ಓದಿದ್ದು ದಾವಣಗೆರೆನಾಗೆ. ನಾಕು ವರ್ಷ ಹಾಸ್ಟೆಲ್‌ನಾಗೆ ಬರೀ ಅದನ್ನೇ ತಿಂದೀನಿ."

ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ಓಖ್ಲಾದ ಸಿಮೆಂಟ್ ನೆಲ ಅಷ್ಟು ಸುಲಭವಾಗಿ ಬಾಯಿಬಿಡುವುದಿಲ್ಲ. ಉತ್ತರದ ಅರ್ಧ ಮಕ್ಕಳು ಇಂಜಿನಿಯರಾಗಲು ನಮ್ಮ ನಾಡಿಗೇ ಹೋಗುತ್ತಾರೆ, ಹೋದವರು ಪದವಿಯ ಜೊತೆಗೆ ಕನ್ನಡವನ್ನೂ ಕಟ್ಟಿಕೊಂಡು ಬರುತ್ತಾರೆ ಎಂಬುದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಲಿಫ್ಟಿನಲ್ಲಿ ಯಾರ ಯಾರ ಬಗ್ಗೆ ಏನೇನು ಆಡಿದ್ದೆನೋ ಎಲ್ಲ ಒಟ್ಟಿಗೆ ನೆನಪಾಗಿ ಬೆವರು ಕಿತ್ತುಕೊಂಡು ಬಂತು. ನಾಚಿಕೆಗಿಂತ ಹೆಚ್ಚಾಗಿ ಭಯವಾಯಿತು. ವರ್ಷದ ಕೆಲಸವನ್ನು ನಾನೇ ನನ್ನ ಬಾಯಿಂದ ಪಕ್ಕದ ಗಲ್ಲಿಗೆ ಸಾಗಿಸಿದ್ದೆ.

ಹುಡುಗ ಒಳ್ಳೆಯವನು, ನಗಲಿಲ್ಲ. ಈ ಪಾಸ್‌ವರ್ಡ್ ಯಾವಾಗ ಇಟ್ಟಿದ್ದು, ಆಮೇಲೆ ಡಿಸೈನಿನವರು ಯಾರಾದರೂ ಕೆಲಸ ಬಿಟ್ಟು ಹೋದರೇ ಎಂದು ಮೆಲ್ಲಗೆ ಕೇಳಿದ. ವಸುಧಾ ಹಣೆ ಚಚ್ಚಿಕೊಂಡಳು. ಬಿಟ್ಟು ಹೋದವರು ಒಬ್ಬಿಬ್ಬರಲ್ಲ, ಎಲ್ಲರೂ ಉಪ್ಪಿಟ್ಟನ್ನು ಬುತ್ತಿ ಕಟ್ಟಿಕೊಂಡೇ ಹೋಗಿದ್ದರು. ಅವರಲ್ಲೊಬ್ಬ ಈಗ ಇದ್ದದ್ದು ಅದೇ ಪಕ್ಕದ ಗಲ್ಲಿಯ ಮುದ್ರಕರಲ್ಲಿ.

ಇರಲಿ, ಕೊನೆಯ ಪ್ರಶ್ನೆ ಎಂದ ಗೌರವ್. ಇಲ್ಲಿ ಬೆಂಕಿ ಬಿದ್ದರೆ ಏನು ಗತಿ? ನಕಲು ಮಾಡಿ ಇಟ್ಟಿದ್ದೇವಪ್ಪ, ಎಲ್ಲ ಸಿ.ಡಿ.ಗಳೂ ಇದೇ ಮೇಜಿನ ಡ್ರಾಯರಿನಲ್ಲಿವೆ ಎಂದೆ. ಮೇಜೂ ಸುಟ್ಟರೆ ಎಂದ. ಆಗ ವಸುಧಾ ಮುಂದೆ ಬಂದಳು.

"ಮನೇಲಿ ಇನ್ನೊಂದಿದೆಯಪ್ಪ. ವಾರಕ್ಕೊಂದು ಸಲ ಪೆನ್ ಡ್ರೈವ್‌ಗೆ ಎಲ್ಲಾ ಹಾಕ್ಕೊಂಡು ಹೋಗಿ ಸಾಸಿವೆ ಡಬ್ಬೀಲಿ ಇಡ್ತೀನಿ."

"ಸಾಸಿವೆ ಡಬ್ಬಿ?" ಎಂದೆವು ನಾವಿಬ್ಬರೂ. ದಾವಣಗೆರೆಯ ಹಾಸ್ಟೆಲಿನಲ್ಲಿ ಅದನ್ನು ಕಲಿಸಿರಲಿಲ್ಲ. ನನಗೋ, ಮನೆಯೊಳಗೇ ನಡೆಯುತ್ತಿದ್ದ ಈ ವ್ಯವಹಾರದ ಗಾಳಿಯೂ ಬಡಿದಿರಲಿಲ್ಲ.

"ನಮ್ಮಮ್ಮ ಬಚ್ಚಿಡಬೇಕಾದ್ದನ್ನೆಲ್ಲ ಅದರಲ್ಲೇ ಇಡ್ತಿದ್ರು. ಇವರು ಜನ್ಮದಲ್ಲಿ ಅಡುಗೆಮನೆ ಡಬ್ಬಿ ತೆಗೆದವರಲ್ಲ, ಅಲ್ಲಿದ್ದರೆ ಇವರ ಕೈಗೂ ಸಿಗಲ್ಲ."

ಬೆಂಕಿ ಎಷ್ಟೇ ಜೋರಾಗಿದ್ದರೂ ಯಮುನೆ ದಾಟಿ ಮಯೂರ್ ವಿಹಾರದ ಸಾಸಿವೆಗೆ ತಗುಲುವುದಿಲ್ಲ ಎಂಬುದು ಗೌರವ್‌ಗೆ ತಟ್ಟನೆ ಅರ್ಥವಾಯಿತು. ಅಂದು ಅವನ ಮುಖ ಅರಳಿದ್ದು ಅದೊಂದೇ ಸಲ. ನಕಲನ್ನು ಬೇರೆ ಜಾಗದಲ್ಲಿ ಇಡಿ ಎಂದು ಹೇಳಿ ಹೇಳಿ ದೊಡ್ಡ ದೊಡ್ಡ ಕಂಪನಿಗಳಲ್ಲೇ ತನ್ನ ಗಂಟಲು ಒಣಗಿದೆ ಎಂದ. ಆ ಪೆನ್ ಡ್ರೈವಿಗೂ ಒಂದು ಬೀಗ ಹಾಕಿ ಮೇಡಂ, ಸತ್ತ ಕಾವಲುಗಾರನನ್ನು ಬದಲಾಯಿಸಿ, ಒಬ್ಬೊಬ್ಬರಿಗೂ ಅವರವರದೇ ಪಾಸ್‌ವರ್ಡ್ ಇರಲಿ, ಬಿಟ್ಟು ಹೋದವರದ್ದನ್ನು ಅವತ್ತೇ ಅಳಿಸಿ, ಹದಿನೈದು ದಿನ ಬಿಟ್ಟು ಮತ್ತೆ ಬರುತ್ತೇನೆ ಎಂದ. ಹೊರಡುವಾಗ ನನ್ನ ಕೈ ಕುಲುಕಿ, "ಮುಂದಿನ ಸಲ ಮೀಸೆ ಬಿಟ್ಕಂಡು ಬರ್ತೀನ್ರಿ ಸರ್" ಎಂದು ಹೇಳಿಯೇ ಹೋದ.

ಆಮೇಲೆ ನಾನು ಬಹಳ ಯೋಚಿಸಿದೆ. ಚಿಕ್ಕವನಿದ್ದಾಗ ನನ್ನ ಉಪನಯನದಲ್ಲಿ ಅಪ್ಪ ಇಬ್ಬರ ತಲೆಯ ಮೇಲೂ ಬಟ್ಟೆಯ ಮುಸುಕೆಳೆದು ಕಿವಿಯಲ್ಲಿ ಮಂತ್ರ ಹೇಳಿದ್ದರು. ಚಪ್ಪರದ ಕೆಳಗೆ ಕೂತ ನೆಂಟರಿಗೆಲ್ಲ ಗೊತ್ತಿದ್ದ ಮಂತ್ರವೇ ಅದು. ಹಾಗಿದ್ದ ಮೇಲೆ ಮುಸುಕೇಕೆ ಎಂದು ಆಗ ನನಗೆ ನಗು ಬಂದಿತ್ತು. ಈಗ ಅನ್ನಿಸುತ್ತದೆ, ಹಿರಿಯರು ನನಗೆ ಕಲಿಸಲು ನೋಡಿದ್ದು ಬಾಯಿ ತಗ್ಗಿಸುವ ಅಭ್ಯಾಸವನ್ನು. ಗುಟ್ಟು ಭಾಷೆಯಲ್ಲಿ ಇರುವುದಿಲ್ಲ ಸ್ವಾಮಿ, ಆಡುವವನ ನಾಲಗೆಯಲ್ಲಿ ಇರುತ್ತದೆ. ನನ್ನ ನಾಲಗೆಗೆ ಮುಸುಕು ಹಾಕುವ ಬಟ್ಟೆಯನ್ನು ಮಾತ್ರ ಯಾವ ಮಗ್ಗವೂ ಇನ್ನೂ ನೇಯ್ದಿಲ್ಲ.

ಎರಡನೆಯ ಸಲ ಗೌರವ್ ಬಂದಾಗ ವಸುಧಾ ತನ್ನ ಕಂಪ್ಯೂಟರ್ ತೆರೆದದ್ದನ್ನು ನೀವು ನೋಡಬೇಕಿತ್ತು. ಸೀರೆಯ ಸೆರಗನ್ನು ಎಳೆದು ಕೀಲಿಮಣೆಯ ಮೇಲೆ ಮುಚ್ಚಿ, ಅದರಡಿಯಲ್ಲಿ ಬೆರಳಾಡಿಸಿದಳು. ಮುಚ್ಚಿದ್ದು ಅವನಿಗಲ್ಲ, ಅವನು ಮರ್ಯಾದೆಯಿಂದ ಕಿಟಕಿಯ ಕಡೆ ತಿರುಗಿದ್ದ. ಮುಚ್ಚಿದ್ದು ನನಗೆ! ವರ್ಷದ ಕೆಲಸ ನಮಗೇ ಬಂತು. ಯಾರನ್ನೂ ಮನೆಗೆ ಕಳಿಸಬೇಕಾಗಲಿಲ್ಲ. ಅವತ್ತು ವಸುಧಾ ಕಾರ್ಖಾನೆಯವರಿಗೆಲ್ಲ ಉಪ್ಪಿಟ್ಟು ಮಾಡಿ ತಂದಳು. ಇಷ್ಟು ವರ್ಷ ಹೊಡೆದದ್ದು ಇದನ್ನೇನಾ ಎಂದು ಡಿಸೈನಿನವರು ಬೆರಗಾಗಿ ಎರಡೆರಡು ಸಲ ಹಾಕಿಸಿಕೊಂಡು ತಿಂದರು.

ಎಲ್ಲ ಸರಿಹೋಯಿತು, ನನ್ನ ಮನಸ್ಸೊಂದು ಬಿಟ್ಟು. ಮದುವೆಯಾದಂದಿನಿಂದ ನನ್ನ ಹೆಂಡತಿ ನನ್ನಿಂದ ಮುಚ್ಚಿಟ್ಟ ಪದ ಆ ಹೊಸ ಪಾಸ್‌ವರ್ಡ್ ಒಂದೇ. "ಏನೇ ಅದು?" ಎಂದು ಕೇಳಿದರೆ "ಹೇಳಿದ್ರೆ ನೀವು ಕೂಗ್ತೀರಿ" ಎನ್ನುತ್ತಾಳೆ. ಒಂದು ಮಧ್ಯಾಹ್ನ ಅವಳು ಬ್ಯಾಂಕಿಗೆ ಹೋದಾಗ ನಾನು ಅವಳ ಕುರ್ಚಿಯಲ್ಲಿ ಕೂತೆ. ಊಟತಿಂಡಿಗಳ ಗೋಜಿಗೆ ಹೋಗಲೇ ಇಲ್ಲ, ಅದೇನಿರಬಹುದು ಎಂಬ ಬಗ್ಗೆ ನನಗೆ ಪೂರ್ಣ ಆತ್ಮವಿಶ್ವಾಸವಿತ್ತು. ಒಮ್ಮೆ ಹೊಡೆದೆ. ತಪ್ಪು ಎಂದಿತು. ಕಾಗುಣಿತ ತಪ್ಪಿರಬೇಕೆಂದು ಇನ್ನೊಂದು ಎಚ್ ಸೇರಿಸಿದೆ. ಕೊನೆಗೆ ಮುಂದೆ ಒಂದು 'ಶ್ರೀ' ಕೂಡ ಹಾಕಿ ನೋಡಿದೆ. ಕಂಪ್ಯೂಟರ್ ಪೂರ್ತಿ ಬಾಗಿಲು ಹಾಕಿಕೊಂಡಿತು.

ಬ್ಯಾಂಕಿನಿಂದ ಬಂದವಳು ಪರದೆ ನೋಡಿದಳು, ನನ್ನನ್ನು ನೋಡಿದಳು.

"ರೀ, ಯಾರೋ ಕಳ್ಳ ಬಂದಿದ್ದ."

"ಹೌದಾ? ಯಾರಿರಬಹುದು?"

"ಯಾರು ಅಂತ ಗೊತ್ತು. ಏನು ಹೊಡೆದ ಅಂತಾನೂ ಗೊತ್ತು" ಎಂದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಪಾಪ, ಅವನ ಹೆಸರನ್ನ ಇಟ್ಟಿದ್ದರೆ ಇಡೀ ಓಖ್ಲಾ ಮೊದಲು ಅದನ್ನೇ ಹೊಡೀತಿತ್ತು ಕಣ್ರೀ."

ನಮ್ಮ ಕಾರ್ಖಾನೆ ಈಗ ಸುಭದ್ರವಾಗಿದೆ ಎಂದು ನನಗೆ ಪೂರ್ತಿ ನಂಬಿಕೆ ಬಂದದ್ದು ಅವತ್ತು.