ಓಣಿಯಲ್ಲೇ ನಿಲ್ಲುವ ಮೆಂಬರ್

ಗೋವಾದ ಕುಂಡಯಿಯ ಕಾರ್ಖಾನೆಗಳ ಹಿಂದಿನ ಕನ್ನಡದವರ ಓಣಿಗೆ ಪಂಚಾಯತಿ ಮೆಂಬರ್ ಅಪ್ಪಾಸಾಬ ಬಂದದ್ದು ಯಾರಿಗೂ ಹೇಳಬೇಕಿಲ್ಲ. "ಅಕ್ಕಾ, ನಳಕ್ಕ ನೀರ ಬಂತೇನ್ರಿ?" ಎಂದು ಅವನು ಕೂಗಿದರೆ ಅತ್ತ ಪಕ್ಕದೂರು ಮಡ್ಕಯಿಯವರೂ ತಮ್ಮ ನಳ ತಿರುಗಿಸಿ ನೋಡಬೇಕು, ಅಂಥ ಗಂಟಲು. ಯಾರ ರೇಷನ್ ಕಾರ್ಡಿನಲ್ಲಿ ಯಾರ ಹೆಸರು ಬಿಟ್ಟುಹೋಗಿದೆ ಎಂಬುದು ಅವನಿಂದಾಗಿ ಇಡೀ ಓಣಿಗೆ ಬಾಯಿಪಾಠ. ಹೊಸ್ತಿಲು ಮಾತ್ರ ದಾಟುವುದಿಲ್ಲ. ಚಹಾ ಕೊಟ್ಟರೂ ಹೊರಗೆ ನಿಂತೇ ಸುರ್ರೆಂದು ಹೀರುತ್ತಾನೆ. ಹಿಂದಿನ ಮೆಂಬರ್ ಹಾಗಲ್ಲ, ಗಂಡಸರು ಪಾಳಿಗೆ ಹೋದದ್ದು ನೋಡಿಕೊಂಡೇ ಒಳಗೆ ಬಂದು ಮಂಚದ ಮೇಲೆ ಕೂರುತ್ತಿದ್ದ. ಈತನಾದರೂ ಎಷ್ಟು ದಿನ ಹೊರಗೆ ನಿಂತಾನು ಎಂಬ ಗುಮಾನಿ ಓಣಿಯ ಹುಲಿಗೆಮ್ಮನಿಗೆ. ಮೊನ್ನೆ, ಮಗಳು ಅಶ್ವಿನಿ ಒಬ್ಬಳೇ ಇರುವಾಗ ಮೆಂಬರ್ ತಮ್ಮ ಮನೆ ಕಡೆ ಹೋದನೆಂದು ಯಾರೋ ಹೇಳಿದ್ದೇ ತಡ, ಹುಲಿಗೆಮ್ಮ ಕೆಲಸ ಬಿಟ್ಟು ಓಡಿಬಂದಳು. ಓಣಿಯ ತಿರುವಿನಲ್ಲೇ ಆ ಗಂಟಲು ಕೇಳಿತು: "ತಂಗಿ, ಅಲ್ಲಿಂದನ ಹೇಳವಾ, ಆಧಾರ ಕಾರ್ಡಿನಾಗ ಹೆಸರ ಏನೈತಿ?" ಸುರಿಯುವ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ನಿಂತಿದ್ದ. ಹುಲಿಗೆಮ್ಮನಿಗೆ ಜೀವ ಬಂದಂತಾಯಿತು. "ಒಳಗ ಬರಬಾರದೇನ್ರಿ?" ಎಂದಳು. "ಇಲ್ಲೇ ಚಲೋ ಐತಿ ಬಿಡ್ರಿ ಅಕ್ಕಾ, ಎಲ್ಲಾರಿಗೂ ಕೇಳಸ್ತೈತಿ." ಅವಳು ಮತ್ತೆ ಕರೆಯಲಿಲ್ಲ, ಚಹಾವನ್ನೂ ಕೊಡೆಯನ್ನೂ ಓಣಿಗೇ ತಂದಳು.