ಒಳಗಿನ ಕೋಣೆಯ ಗಾಳಿ

ಯಾವ ಹೊಸ್ತಿಲಲ್ಲಿಯೂ ತಡೆದು ನಿಲ್ಲದೆ, ಯಾರ ಕುಲಗೋತ್ರವನ್ನೂ ಕೇಳದೆ, ಸಕಲ ಜೀವಿಗಳ ಒಳಗೂ ಹೊರಗೂ ಸಮನಾಗಿ ಸಂಚರಿಸುವ ಪ್ರಾಣದೇವನಿಗೆ ಮೊದಲ ನಮಸ್ಕಾರ. ಎಂಬತ್ತೈದು ವರ್ಷಗಳಿಂದ ಈ ದೇಹದಲ್ಲಿ ಉಸಿರಾಗಿ ನಿಂತಿರುವ ಅವನ ಕೃಪೆಗೂ, ಆ ಉಸಿರಿನ ಬೆಲೆಯನ್ನು ನನಗೆ ತೋರಿಸಿಕೊಟ್ಟು ಹೋದ ಒಬ್ಬ ಕೈಕಸುಬಿನವರಿಗೂ ಕೃತಜ್ಞತೆಯನ್ನು ಸಲ್ಲಿಸಿ ಈ ನಾಲ್ಕು ಮಾತುಗಳನ್ನು ಬರೆಯಲು ಕುಳಿತಿದ್ದೇನೆ.

ಕಳೆದ ವಾರ ನನ್ನ ಸೊಸೆ ಕುಡಿಯುವ ನೀರಿನ ಮಡಕೆಗೆ ಲಾವಂಚದ ಬೇರಿನ ಒಂದು ಸಣ್ಣ ಕಟ್ಟನ್ನು ಹಾಕಿದಳು. ಅದೇ ಹೊತ್ತಿಗೆ ಮೊಮ್ಮಗ ನನ್ನ ಪಕ್ಕದಲ್ಲಿ ಕುಳಿತು, ನನ್ನ ಕೋಣೆಗೆ ಯಾವ ಏಸಿ ಹಾಕಿಸಬೇಕೆಂದು ಮೊಬೈಲಿನಲ್ಲಿ ಹುಡುಕುತ್ತಿದ್ದ. ನಾವಿರುವ ಕಾಂದಿವಲಿಯ ಈ ಕಟ್ಟಡಕ್ಕೂ ವಯಸ್ಸಾಗಿದೆ. ಗೋಡೆಗಳು ಬೇಸಿಗೆಯ ಬಿಸಿಯನ್ನು ಹೀರಿಕೊಂಡು ರಾತ್ರಿಯಿಡೀ ಉಗುಳುತ್ತವೆ.

"ಅಜ್ಜಾ, ರೂಮ್‌ದು ಉದ್ದ ಅಗಲ ಹಾಕಿದ್ರೆ ಬಸ್. ಒಂದು ಟನ್ನಾ, ಒಂದೂವರೆನಾ, ಎಲ್ಲಾ ಇದೇ ಹೇಳುತ್ತೆ" ಎಂದ.

ನಾನು ಲೋಟವನ್ನು ಬಾಯಿಗೆ ತಂದಿದ್ದೆ. ಲಾವಂಚದ ವಾಸನೆ ಮೂಗಿಗೆ ಬಡಿಯಿತು. ಲೋಟವನ್ನು ಹಾಗೆಯೇ ಕೆಳಗಿಟ್ಟೆ. ಉದ್ದ ಅಗಲವನ್ನು ಅಳೆದ ಮೇಲೂ ತಿಳಿಯದೆ ಉಳಿಯುವ ಸಂಗತಿಯೊಂದು ಪ್ರತಿ ಹಳೆಯ ಮನೆಯಲ್ಲಿಯೂ ಇರುತ್ತದೆಂದು ಅವನಿಗೆ ಹೇಳಬೇಕೆನ್ನಿಸಿತು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಒಂದು ಶಾಲೆಯಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದೆ. ಮಾಟುಂಗಾದ ಹಳೆಯ ಬಿಲ್ಡಿಂಗಿನ ಎರಡನೆಯ ಮಹಡಿಯಲ್ಲಿ ನಾನು, ನನ್ನ ಹೆಂಡತಿ, ನನ್ನ ತಾಯಿ, ಮೂವರ ಸಂಸಾರ. ಎತ್ತರದ ಮಾಳಿಗೆ, ಮರದ ತೊಲೆಗಳು, ಮೊಳದಷ್ಟು ದಪ್ಪದ ಗೋಡೆ. ಬೀದಿಯ ಕಡೆಗೆ ಪಡಸಾಲೆ. ಅದರ ಹಿಂದೆ ಒಳಗಿನ ಕೋಣೆ. ಆ ಕೋಣೆಯ ಒಂದು ಮೂಲೆಯಲ್ಲಿ ದೇವರ ಗೂಡು, ಎದುರಿನ ಗೋಡೆಗೆ ಒರಗಿದಂತೆ ತಾಯಿಯ ಮಂಚ.

ತಾಯಿಯ ಹೃದಯ ದುರ್ಬಲವಾಗಿತ್ತು. ಆ ವರ್ಷ ಚೈತ್ರದಲ್ಲಿಯೇ ಸೆಕೆ ಏರಿ, ನಾಲ್ಕು ಮಾತನಾಡಿದರೆ ಅವರಿಗೆ ಏದುಸಿರು ಬರುತ್ತಿತ್ತು. ವೈದ್ಯರು ನನ್ನನ್ನು ಹೊರಗೆ ಕರೆದು, "ಈ ಬೇಸಿಗೆಯೊಂದನ್ನು ದಾಟಿಸಿ. ಔಷಧಕ್ಕಿಂತ ಹೆಚ್ಚಾಗಿ ಆ ಕೋಣೆ ತಂಪಾಗಿರಬೇಕು" ಎಂದರು. ಆ ದಿನದಿಂದ ನನಗೆ ಬೇರೆ ಯೋಚನೆಯೇ ಇರಲಿಲ್ಲ.

ಬೈಕುಲ್ಲಾದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಫ್ಯಾನು, ಕೂಲರು, ಫ್ರಿಜ್ಜುಗಳನ್ನು ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಇದ್ದರು. ಬಿಜಾಪುರದ ಕಡೆಯ ಮುಸಲ್ಮಾನರು. ಮನೆಯಲ್ಲಿ ದಖ್ಖನಿ, ನಮ್ಮಂಥವರ ಜೊತೆ ಅಚ್ಚ ಕನ್ನಡ. ಒಮ್ಮೆ ನಮ್ಮ ಟೇಬಲ್ ಫ್ಯಾನನ್ನು ಅವರಲ್ಲಿ ಸರಿಮಾಡಿಸಿದ್ದೆ. ಈಗಲೂ ಅವರ ಬಳಿಗೇ ಹೋಗಿ, ಯಾವ ಯಂತ್ರ ಒಳ್ಳೆಯದೆಂದು ಕೇಳಿದೆ.

"ಮಷಿನ್ ಆಮ್ಯಾಲ ಮಾಸ್ತರ್ರ. ಮೊದಲ ಮನಿ ನೋಡಬೇಕು" ಎಂದರು.

ಅವರು ಮನೆ ನೋಡುತ್ತಿದ್ದ ಕ್ರಮ ವಿಚಿತ್ರವಾಗಿತ್ತು. ಬೆಳಿಗ್ಗೆ ಒಮ್ಮೆ, ನಡುಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ, ಹೀಗೆ ಒಂದೇ ದಿನ ಮೂರು ಸಲ ಬರುತ್ತಿದ್ದರು. ಅಂಗೈಯ ಹಿಂಭಾಗವನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ನೀಲಿ ಅಂಚಿನ ಒಂದು ಕರವಸ್ತ್ರವನ್ನು ನೀರಲ್ಲಿ ಅದ್ದಿ ಹಿಂಡಿ, ದಾರಕ್ಕೆ ನೇತುಹಾಕಿ, ಅದು ಒಣಗುವವರೆಗೆ ಕೆಳಗೆ ಸುಮ್ಮನೆ ಕುಳಿತಿರುತ್ತಿದ್ದರು. ಒದ್ದೆ ಬೇಗ ಆರಿದರೆ ಅಲ್ಲಿ ನೀರಿನಿಂದ ತಂಪಾಗುವ ಕೂಲರ್ ನಡೆಯುತ್ತದೆ, ಆರದಿದ್ದರೆ ನಡೆಯುವುದಿಲ್ಲ. ಇದು ಅವರ ಶಾಸ್ತ್ರ.

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಿನಿಂದ ನಗುತ್ತ, "ಇದೇನ್ರೀ, ಮಿಸ್ತ್ರಿ ಬಂದಿರೋದೋ, ಹೆಣ್ಣು ನೋಡೋಕೆ ಬೀಗರು ಬಂದಿರೋದೋ?" ಎಂದಳು.

ಅದು ಅವರ ಕಿವಿಗೂ ಬಿತ್ತು. "ಹೆಣ್ಣ ನೋಡಾಕ ಒಂದ ಸಲ ಬಂದ್ರ ಸಾಕ್ರಿ ಅಕ್ಕಾರ. ಗ್ವಾಡಿಗೆ ಮೂರ ಸಲ ಬರಬೇಕು. ಮುಂಜಾನೆ ಒಂದ ಹೇಳತೈತಿ, ಸಂಜಿಕಿ ಮತ್ತೊಂದ ಹೇಳತೈತಿ!"

ಮೂರು ಹೊತ್ತೂ ಅವರು ಕುಳಿತದ್ದು ಪಡಸಾಲೆಯಲ್ಲಿ. ಅಲ್ಲಿ ಕಡಲ ಕಡೆಯ ಗಾಳಿ ಆಡುತ್ತಿತ್ತು. ಕರವಸ್ತ್ರ ಪ್ರತಿಸಲವೂ ಬೇಗನೆ ಒಣಗಿತು. ಸಂಜೆ ಅದನ್ನು ಮಡಚಿಕೊಳ್ಳುತ್ತ ಅವರು ಒಳಗಿನ ಬಾಗಿಲಿನ ಕಡೆ ನೋಡಿದರು.

"ಬೊಂಬಾಯಿ ಹವಾಕ್ಕ ನೀರಿನ ಕೂಲರ್ ಆಗಿ ಬರಂಗಿಲ್ರಿ. ಆದ್ರ ಇಲ್ಲಿ ಗಾಳಿ ಚಲೋ ಐತಿ, ನಡದೀತು. ಅಮ್ಮಾರು ಮಲಗೂ ಖೋಲಿನೂ ಒಂದೀಟ ನೋಡ್ಲೇನ್ರಿ?"

ನಾನು ಮಡಿಯ ವಾತಾವರಣದಲ್ಲಿ ಬೆಳೆದವನು. ಒಳಗೆ ದೇವರ ಗೂಡಿತ್ತು. ದೀಪ ಹಚ್ಚುವ ಹೊತ್ತಾಗಿತ್ತು. ಬೇಡವೆಂದು ನೇರವಾಗಿ ಹೇಳಲು ನಾಚಿಕೆ. ಬನ್ನಿ ಎನ್ನಲು ನಾಲಿಗೆ ಏಳಲಿಲ್ಲ. ಆ ಎರಡರ ನಡುವೆ ಒಂದು ಸುಳ್ಳು ಸಲೀಸಾಗಿ ಹೊರಬಂತು.

"ಅದೂ ಹೀಗೇ ಇದೆ ಮಿಸ್ತ್ರಿ. ಇಲ್ಲಿಯ ಗಾಳಿಯೇ ಅಲ್ಲಿಗೂ ಬರುತ್ತದೆ" ಎಂದೆ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಮಾಸ್ತರ್ ಹೇಳಿದ ಮ್ಯಾಲ ಮುಗೀತು ಬಿಡ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡರು.

ಒಳಗಿನ ಕೋಣೆ ಹಾಗಿರಲಿಲ್ಲ. ತಾಯಿಯ ಮಂಚವಿದ್ದ ಗೋಡೆಯ ಆಚೆಗೆ ಬಚ್ಚಲು. ಇದ್ದ ಒಂದೇ ಕಿಟಕಿ ಎರಡು ಬಿಲ್ಡಿಂಗುಗಳ ನಡುವಿನ ಇಕ್ಕಟ್ಟಾದ ಸಂದಿಗೆ ತೆರೆಯುತ್ತಿತ್ತು. ಅಲ್ಲಿ ಗಾಳಿಯೇ ಆಡುತ್ತಿರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಇದರಿಂದ ಏನಾಗಬಹುದೆಂಬುದು ಮಾತ್ರ ಗೊತ್ತಿರಲಿಲ್ಲವೆಂದು ಇಷ್ಟು ವರ್ಷವೂ ನನಗೆ ನಾನೇ ಹೇಳಿಕೊಂಡಿದ್ದೇನೆ...

ಎಂಟು ದಿನಗಳಲ್ಲಿ ಮಿಸ್ತ್ರಿ ಮರದ ಚೌಕಟ್ಟಿಗೆ ಲಾವಂಚದ ತಟ್ಟಿ ಕಟ್ಟಿ, ಮೇಲಿನಿಂದ ನೀರು ತೊಟ್ಟಿಕ್ಕಲು ತಗಡಿನ ಕೊಳವೆ ಕೂರಿಸಿ, ಹಿಂದೆ ಫ್ಯಾನು ಜೋಡಿಸಿ ತಂದರು. ಅಂದೂ ಪಡಸಾಲೆಯಲ್ಲಿಯೇ, ಒಳಗಿನ ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ನನ್ನ ಕೈಗೆ ದಾಟಿಸಿದರು. ಅವರು ಹೇಳಿಕೊಟ್ಟಂತೆ ನಾನೇ ಒಳಗಿನ ಕೋಣೆಯ ಕಿಟಕಿಗೆ ಬಿಗಿದೆ. ತಟ್ಟಿ ನೆನೆದು ಗಾಳಿ ಬೀಸಿದೊಡನೆ ಕೋಣೆಯೆಲ್ಲ ಲಾವಂಚದ ಪರಿಮಳ. ತಾಯಿ ಕಣ್ಣು ಮುಚ್ಚಿ, "ಮೊದಲ ಮಳೆ ಬಂದ ಹಾಗಿದೆ ಕಣೋ" ಎಂದರು. ನನಗೆ ಪುಣ್ಯ ಗಳಿಸಿದಷ್ಟು ಹಿಗ್ಗು.

ಆ ಹಿಗ್ಗು ಒಂದು ವಾರವೂ ಉಳಿಯಲಿಲ್ಲ. ಹಾಸಿಗೆ ತಣ್ಣಗೆ ಅಂಟತೊಡಗಿತು. ದೇವರ ಗೂಡಿನ ಬೆಂಕಿಕಡ್ಡಿ ಹತ್ತದಾಯಿತು. ಗೋಡೆಯ ಮೇಲೆ ಬೂಷ್ಟಿನ ಕಪ್ಪು ಚುಕ್ಕೆಗಳು ಮೂಡಿದವು. ಹೊರಹೋಗಲು ದಾರಿಯಿಲ್ಲದ ನೀರಾವಿಯೆಲ್ಲ ಆ ಕೋಣೆಯಲ್ಲಿಯೇ ಉಳಿದು, ತಾಯಿಯ ಎದೆಯಲ್ಲಿ ಕಫ ಕಟ್ಟಿ, ಉಸಿರು ತಿದಿಯೊತ್ತಿದಂತೆ ಸದ್ದು ಮಾಡಿತು. ವೈದ್ಯರು ಬಂದವರೇ ತಟ್ಟಿಯನ್ನು ಬಿಚ್ಚಿಸಿದರು. "ಒದ್ದೆ ಬಟ್ಟೆಯಲ್ಲಿ ಸುತ್ತಿ ಮಲಗಿಸಿದ್ದೀರಲ್ಲ ಇವರನ್ನು" ಎಂದರು.

ನಾನು ಹೇಳಿಕಳಿಸಿದ ಮರುದಿನವೇ ಮಿಸ್ತ್ರಿ ಬಂದು, ಎಂದಿನಂತೆ ಒಳಗಿನ ಕೋಣೆಯ ಹೊಸ್ತಿಲಲ್ಲಿ ನಿಂತರು. ಮಂಚದ ಮೇಲಿನಿಂದ ತಾಯಿಯೇ ಕರೆದರು.

"ಬಾಗಿಲಿಗೆ ಅಡ್ಡ ನಿಂತರೆ ಬರೋ ಚೂರು ಗಾಳಿನೂ ಬರಲ್ಲ ಕಣಪ್ಪ. ಒಳಗೆ ಬಾ."

ಅವರು ನನ್ನ ಕಡೆ ನೋಡಿದರು.

"ಅವನನ್ನೇನು ನೋಡ್ತೀಯ? ಉಸಿರು ಕಟ್ಟಿರೋದು ನನಗೆ" ಎಂದರು ತಾಯಿ.

ಮಿಸ್ತ್ರಿ ಕೈಕಾಲು ತೊಳೆದುಕೊಂಡು ಒಳಗೆ ಬಂದರು. ಮಂಚದ ಹಿಂದಿನ ಗೋಡೆಗೆ ಅಂಗೈಯ ಹಿಂಭಾಗವನ್ನು ಒತ್ತಿದರು. ಒತ್ತಿದ ಕೈಯನ್ನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕರವಸ್ತ್ರವನ್ನು ಅದ್ದಿ ಹಿಂಡಿ, ಕಿಟಕಿಯ ಮೊಳೆಗೆ ಕಟ್ಟಿ, ನೆಲದ ಮೇಲೆ ಕುಳಿತರು. ಬೆಳಿಗ್ಗೆ ಕಟ್ಟಿದ್ದು, ಮಧ್ಯಾಹ್ನವಾದರೂ ಆರಲಿಲ್ಲ. ನಡುವೆ ಒಮ್ಮೆ ಪಡಸಾಲೆಗೆ ಹೋಗಿ ನಮಾಜು ಮಾಡಿ ಬಂದು ಮತ್ತೆ ಕುಳಿತರು. ಸಂಜೆಯಾಯಿತು. ಕರವಸ್ತ್ರ ಇನ್ನೂ ಒದ್ದೆಯಾಗಿಯೇ ಇತ್ತು.

ಅವರು ಎದ್ದು ತಾಯಿಯ ಕಾಲಬಳಿ ಕೈಮುಗಿದು ನಿಂತರು. "ತಪ್ಪ ನಂದ್ರಿ ಅಮ್ಮಾರ. ನೋಡದ ಕೆಲಸಾ ಮಾಡಿದ್ನಿ. ನಲವತ್ತ ವರ್ಷದ ಕೈ, ನಿಮ್ಮ ಜೀವಕ್ಕ ಕುತ್ತ ತಂತು."

ನಾನು ಅಲ್ಲಿಯೇ ಇದ್ದೆ. ಎರಡು ಮಾರು ದೂರವೂ ಇರಲಿಲ್ಲ. ಸತ್ಯವನ್ನು ಹೇಳಬೇಕೆಂದು ದಿನವೂ ಮಕ್ಕಳಿಗೆ ಪಾಠ ಮಾಡುತ್ತಿದ್ದವನು ಮಾತಿಲ್ಲದೆ ನಿಂತಿದ್ದೆ.

ಮಿಸ್ತ್ರಿ ಹೋದ ಮೇಲೆ ತಾಯಿ ನನ್ನನ್ನು ಹತ್ತಿರ ಕರೆದರು. "ಅವತ್ತು ನೀನು ಪಡಸಾಲೆಯಲ್ಲಿ ಏನು ಹೇಳಿದೆ ಅಂತ ಕೇಳಿಸಿತ್ತು. ನಾನು ಮಲಗಿದ್ದೆ ಅಷ್ಟೆ, ಕಿವುಡಿಯಾಗಿರಲಿಲ್ಲ ಕಣಪ್ಪ. ಆಗಲೇ ಕೂಗಿ ಅವನನ್ನು ಕರೀಲಿಲ್ಲ, ಅದು ನನ್ನ ತಪ್ಪು. ಉಳಿದದ್ದು ನಿನ್ನದು. ನೀನೇ ಹೋಗಿ ಅವನಿಗೆ ಹೇಳು."

ಹೇಳುತ್ತೇನೆ ಎಂದೆ.

ಮಿಸ್ತ್ರಿ ಹದಿನೈದು ದಿನಗಳಲ್ಲಿ ಒಂದು ಹಳೆಯ ಏಸಿಯನ್ನು ಹುಡುಕಿ ತಂದರು. ಯಾವುದೋ ಆಫೀಸಿನಲ್ಲಿ ಬೇಡವೆಂದು ತೆಗೆದುಹಾಕಿದ್ದ, ಕಿಟಕಿಗೆ ಕೂರಿಸುವ ಭಾರವಾದ ಪೆಟ್ಟಿಗೆ. ಅದನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದರು. ಕಿಟಕಿಗಿಟ್ಟರೆ ತಾಯಿಗೆ ಬೆಳಕು ಹೋಗುತ್ತಿತ್ತು. ಗೋಡೆ ಒಡೆಯಲು ಮನೆಯ ಮಾಲೀಕರು ಒಪ್ಪುತ್ತಿರಲಿಲ್ಲ. ಕಿಟಕಿಯ ಮೇಲ್ಭಾಗದಲ್ಲಿ, ಹಳೆಯ ಮನೆಗಳಲ್ಲಿ ಬಿಸಿಗಾಳಿ ಹೊರಹೋಗಲೆಂದು ಬಿಡುತ್ತಿದ್ದ ಅಗಲವಾದ ಗವಾಕ್ಷಿಯಿತ್ತು. ಅದರೊಳಗೆ ಪೆಟ್ಟಿಗೆಯನ್ನು ಕೂರಿಸಿದರು. ಯಂತ್ರದಿಂದ ತೊಟ್ಟಿಕ್ಕುವ ನೀರು ಕೆಳಗಿನ ಮನೆಯ ತುಳಸಿಯ ಕುಂಡಕ್ಕೆ ಬೀಳದಂತೆ ಕೊಳವೆಯೊಂದನ್ನು ಪಕ್ಕಕ್ಕೆ ತಿರುಗಿಸಿದರು. ಅದನ್ನು ನಾವು ಯಾರೂ ಹೇಳಿರಲಿಲ್ಲ. ಎಲ್ಲ ಮುಗಿದ ಮೇಲೆ ಮತ್ತೆ ಕರವಸ್ತ್ರ ಕಟ್ಟಿದರು. ಅಂದು ಅದು ಒಣಗಿತು.

ತಾಯಿ ಆ ಬೇಸಿಗೆಯನ್ನು ದಾಟಿದರು. ಎದೆಗೆ ಬಿದ್ದ ಪೆಟ್ಟು ಮಾತ್ರ ಮಾಯಲಿಲ್ಲ. ಶ್ರಾವಣದ ಒಂದು ಮುಂಜಾನೆ, ಹೊರಗೆ ಮಳೆ ಹಿಡಿದಿದ್ದಾಗ, ಅವರ ಉಸಿರು ನಿಂತಿತು. ಅದಕ್ಕೆ ಎರಡು ದಿನ ಮೊದಲು ಕೇಳಿದ್ದರು: "ಹೇಳಿದೆಯಾ?"

"ಈ ವಾರ ಹೋಗುತ್ತೇನಮ್ಮ" ಎಂದಿದ್ದೆ.

ಹೋಗಲಿಲ್ಲ. ಮೊದಲು ಕರ್ಮಗಳ ನೆಪ, ಆಮೇಲೆ ಪರೀಕ್ಷೆಗಳ ನೆಪ. ಬೈಕುಲ್ಲಾ ನಿಲ್ದಾಣವನ್ನು ಲೋಕಲ್ಲಿನಲ್ಲಿ ಎಷ್ಟೋ ಸಲ ದಾಟಿದೆ. ಪ್ರತಿಸಲವೂ ಬಾಗಿಲಿನ ಕಡೆ ನಾಲ್ಕು ಹೆಜ್ಜೆ ಹಾಕಿ ಹಿಂದಕ್ಕೆ ಬಂದೆ. ಹೀಗೆ ಐದಾರು ವರ್ಷಗಳು...

ಆ ದಶಕದ ಕೊನೆಯಲ್ಲಿ, ತಾಯಿಯ ಶ್ರಾದ್ಧದ ಮರುದಿನ, ಇನ್ನು ತಡೆಯಲಾರದೆ ಆ ಗಲ್ಲಿಗೆ ಹೋದೆ. ಅಂಗಡಿಯಲ್ಲಿ ಬೇರೆ ಯಾರೋ ಸೈಕಲ್ ಬಿಡಿಭಾಗಗಳನ್ನು ಮಾರುತ್ತಿದ್ದರು. ಮಿಸ್ತ್ರಿಯ ಮನೆ ದಹಿಸರಿನಲ್ಲಿದೆಯೆಂದು ತಿಳಿದು, ಅಲ್ಲಿಯ ಚಾಳಿನಲ್ಲಿ ವಿಚಾರಿಸುತ್ತ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ. ಮಿಸ್ತ್ರಿ ತೀರಿಕೊಂಡು ಮೂರು ತಿಂಗಳಾಗಿತ್ತು.

ನಾನು ಯಾರೆಂದು ಹೇಳಿದಾಗ ಆಕೆಗೆ ಕೂಡಲೇ ಗುರುತು ಸಿಕ್ಕಿತು. "ಮಾಟುಂಗಾ ಮಾಸ್ತರ್ರೇನ್ರಿ? ನಿಮ್ಮ ಅಮ್ಮಾರ ಸುದ್ದಿ ಭಾಳ ತಗೀತಿದ್ರು ನೋಡ್ರಿ. 'ನನ್ನ ಕೈಯಾಗ ಒಂದ ತಪ್ಪಾತು' ಅಂತಿದ್ರು. ಆಮ್ಯಾಲ ಒಳಗಿನ ಖೋಲಿ ತೋರಸದವ್ರ ಮನಿ ಕೆಲಸಾನ ಹಿಡೀಲಿಲ್ರಿ. ಒಳಗ ಬಿಡಂಗಿಲ್ಲ ಅಂದ್ರ ಹೊಳ್ಳಿ ಬಂದಬಿಡ್ತಿದ್ರು. ಗಿರಾಕಿ ಕಡಿಮಿ ಆದ್ರು, ಅಂಗಡಿನೂ ಹೋತು. ಆದ್ರೂ ಕೇಳಲಿಲ್ಲ."

ನನ್ನ ಒಂದು ಸುಳ್ಳನ್ನು ಅವರು ತಮ್ಮ ತಪ್ಪೆಂದು ಹೊತ್ತು ನಡೆದಿದ್ದರು. ಪ್ರತಿ ಮನೆಯ ಹೊಸ್ತಿಲಲ್ಲಿಯೂ ಅದಕ್ಕೆ ಪ್ರಾಯಶ್ಚಿತ್ತ ಮಾಡಿಕೊಂಡಿದ್ದರು. ನಾನು ಆಕೆಗೆ ಎಲ್ಲವನ್ನೂ ಹೇಳಿದೆ. ಅವರು ಒಳಗೆ ಬರಲು ಕೇಳಿದ್ದು, ನಾನು ಹೇಳಿದ ಮಾತು, ಆ ಸಂಜೆ ಸುಮ್ಮನೆ ನಿಂತದ್ದು.

"ಅವರಿದ್ದಾಗ ಬರಬೇಕಿತ್ರಿ" ಎಂದರು ಆಕೆ. ಅಷ್ಟೇ. ಆಮೇಲೆ ಎದ್ದು ಒಂದು ಲೋಟ ನೀರು ತಂದು ನನ್ನ ಮುಂದಿಟ್ಟರು. ಹುಟ್ಟಿನಿಂದ ಪಾಲಿಸಿಕೊಂಡು ಬಂದ ನಿಯಮ ಅಂದು ನೆನಪಿಗೂ ಬರಲಿಲ್ಲ. ಕುಡಿದೆ. ಆ ನೀರಿನಲ್ಲಿ ಲಾವಂಚದ ಪರಿಮಳವಿತ್ತು.

ಹೊರಡುವಾಗ ನೀಲಿ ಅಂಚಿನ ಕರವಸ್ತ್ರವನ್ನು ಕೇಳಬೇಕೆಂಬ ಆಸೆ ಬಾಯಿಯವರೆಗೆ ಬಂತು. ಯಾವ ಅಧಿಕಾರದಿಂದ ಕೇಳಲಿ?

ನಿನ್ನೆ ಕಾಂದಿವಲಿಯ ನಮ್ಮ ಮನೆಗೆ ಏಸಿ ಕೂರಿಸಲು ಇಬ್ಬರು ಯುವಕರು ಬಂದರು. ನನ್ನ ಕೋಣೆಯಲ್ಲಿಯೇ ದೇವರ ಮಂಟಪವಿದೆ. ಅದನ್ನು ಕಂಡು ಒಬ್ಬ ಬಾಗಿಲಲ್ಲಿಯೇ ಬೂಟು ಕಳಚಿ, "ಅಂಕಲ್, ಅಂದರ್ ಆಯೇಂ ಕ್ಯಾ?" ಎಂದು ಒಳಗೆ ಬರಲು ಅಪ್ಪಣೆ ಕೇಳಿದ. ಕೋಲೂರಿ ಎದ್ದುಹೋಗಿ, ಅವನ ಕೈ ಹಿಡಿದು ಒಳಗೆ ಕರೆತಂದೆ. ಅವನಿಗೆ ಏನೂ ಅರ್ಥವಾಗಿರಲಿಕ್ಕಿಲ್ಲ. ಮೊಮ್ಮಗನಿಂದ ಒಂದು ಕರವಸ್ತ್ರವನ್ನು ಒದ್ದೆ ಮಾಡಿಸಿ ಕಿಟಕಿಗೆ ಕಟ್ಟಿಸಿದೆ. "ಅಜ್ಜಾ, ಇದರಲ್ಲಿ ಸೆನ್ಸರ್ ಇದೆ!" ಎಂದು ನಕ್ಕನಾದರೂ ಕಟ್ಟಿದ. ಅವರು ಕೆಲಸ ಮುಗಿಸಿ ಹೋದ ಮೇಲೂ ನಾನು ಅದರ ಕೆಳಗೆ ಕುಳಿತೇ ಇದ್ದೆ. ಸಂಜೆಯ ಹೊತ್ತಿಗೆ ಅದು ಒಣಗಿತು. ಹೇಳೋಣವೆಂದರೆ ಮಿಸ್ತ್ರಿ ಇಲ್ಲ.

ತಮ್ಮದಲ್ಲದ ತಪ್ಪನ್ನು ಹೊತ್ತು ಹೋದ ಆ ಪುಣ್ಯಾತ್ಮರಿಗೆ ಅವರು ನಂಬಿದ ದೇವರ ನೆರಳು ತಂಪಾಗಿರಲಿ. ನನಗೆ ನೀರು ಕೊಟ್ಟ ಆ ತಾಯಿಯ ಸಂತತಿ ಬಾಳಲಿ. ಕಡೆಯ ಉಸಿರಿನವರೆಗೂ ನನ್ನನ್ನು ತಿದ್ದಿದ ನನ್ನ ತಾಯಿಗೆ ಸದ್ಗತಿಯಾಗಿರಲಿ. ನಿನ್ನೆ ಬಂದ ಆ ಇಬ್ಬರು ಯುವಕರಿಗೆ, ಅವರು ಹೋಗುವ ಮನೆಗಳೆಲ್ಲವೂ ಒಳಗಿನ ಕೋಣೆಯವರೆಗೂ ಬಾಗಿಲು ತೆರೆಯಲಿ.